ದಫ್ತರದಲ್ಲಿ ಹೆಸರು, ಮನೆಯಲ್ಲಿ ಜಾಗ

ಕೆಲವು ತಿಂಗಳ ಹಿಂದಿನ ಮಾತು. ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದಾಗ ಪಾಪಿನಾಯಕನಹಳ್ಳಿಯ ಒಬ್ಬ ತಾಯಿ ದೇವಾಲಯದ ಮೆಟ್ಟಿಲ ಬಳಿ ಕಾಯುತ್ತ ನಿಂತಿದ್ದರು. ರಾತ್ರಿಯಿಡೀ ನಿದ್ದೆ ಮಾಡಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನಾನು ವಿಚಾರಿಸುವ ಮೊದಲೇ ಕೇಳಿದರು: "ಫಾದರ್, ಮನೀಗೆ ಬಂದವರನ್ನ ಪೊಲೀಸರಿಗೆ ಹಿಡಿದು ಕೊಟ್ಟರೆ ಪಾಪ ಅಲ್ಲೇನ್ರಿ?"

ನಡೆದದ್ದು ಇಷ್ಟು. ಎರಡು ದಿನದ ಹಿಂದೆ ಸಂಜೆ ಪರದೇಶದ ಗಂಡ ಹೆಂಡತಿ ಇಬ್ಬರು ಬಳ್ಳಾರಿ ಕಡೆಯಿಂದ ಹಂಪಿಗೆಂದು ಸೈಕಲ್ ಮೇಲೆ ಬರುತ್ತಿದ್ದರು. ಅದಿರಿನ ಲಾರಿಗಳ ಕೆಂಪು ಧೂಳು, ಕವಿಯುತ್ತಿದ್ದ ಕತ್ತಲೆ. ಗಂಡನಿಗೆ ಜ್ವರ ಏರಿ ರಸ್ತೆ ಬದಿಯಲ್ಲೇ ಕುಳಿತುಬಿಟ್ಟಿದ್ದ. ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಈ ತಾಯಿಯ ಯಜಮಾನರು ಅವರನ್ನು ಕಂಡು ಮನೆಗೆ ಕರೆತಂದರು. ಗಂಜಿ ಮಾಡಿ ಕುಡಿಸಿದರು, ಡಾಕ್ಟರನ್ನು ಕರೆಸಿದರು, ಇದ್ದ ಒಂದೇ ಮಂಚವನ್ನು ಬಿಟ್ಟುಕೊಟ್ಟು ತಾವು ನೆಲದ ಮೇಲೆ ಮಲಗಿದರು.

ಮರುದಿನ ಕಾಲೇಜಿನಲ್ಲಿ ಓದುವ ಮಗ ಒಂದು ಮಾತು ತೆಗೆದ. ವಿದೇಶೀಯರು ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಸರಕಾರಕ್ಕೆ ತಿಳಿಸಬೇಕು. ಹಂಪಿಯ ಲಾಡ್ಜಿನವರೆಲ್ಲ 'ಸಿ ಫಾರಂ' ಎಂದು ಕರೆಯುತ್ತ ಬಂದಿರುವುದು ಅದನ್ನೇ. ಸರಿ ಎಂದು ಪಾಸ್‌ಪೋರ್ಟ್ ಕೇಳಿ ನೋಡಿದರೆ, ವೀಸಾದ ಅವಧಿ ಮುಗಿದು ಒಂಬತ್ತು ದಿನವಾಗಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತಾಯಿತು. ಯಜಮಾನರು, "ಜ್ವರ ಇಳಿದ ಮೇಲೆ ಸುಮ್ಮನೆ ಕಳಿಸಿಬಿಡೋಣ, ನಾವು ಏನೂ ನೋಡಿಲ್ಲ" ಎಂದರು. ಮಗ, "ಫಾರಂ ತುಂಬಿ ಕೈತೊಳೆದುಕೊಳ್ಳೋಣ, ಮುಂದಿನದು ಪೊಲೀಸರ ಪಾಡು" ಎಂದ. ಅಜ್ಜಿಯೊಬ್ಬರು ಮಾತ್ರ, "ಬಂದವರು ದೇವರು, ಅವರ ಹೆಸರು ಯಾರಿಗೂ ಕೊಡಬಾರದು" ಎಂದು ಹಟ ಹಿಡಿದರು. ಹೀಗೇ ವಾದದಲ್ಲಿ ಒಂದು ದಿನ ಕಳೆಯಿತು. ಮೂರರಲ್ಲಿ ಯಾವುದೂ ಒಪ್ಪಿಗೆಯಾಗದೆ ಆ ತಾಯಿ ನನ್ನ ಬಳಿಗೆ ಬಂದಿದ್ದರು.

ಸೆಮಿನರಿಯಲ್ಲಿ ಇಂಥ ಪ್ರಶ್ನೆಗಳಿಗೆ ನಾನು ಪುಟಗಟ್ಟಲೆ ಉತ್ತರ ಬರೆದಿದ್ದೇನೆ. ಜ್ವರದವನೊಬ್ಬ ಮನೆಯಲ್ಲಿ ಮಲಗಿರುವಾಗ ಅದೇ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಅಂದು ಆ ತಾಯಿಗೆ ಹೇಳಿದ್ದನ್ನೂ, ಆಮೇಲೆ ಯೋಚಿಸಿದ್ದನ್ನೂ ಓದುಗರೊಂದಿಗೆ ಹಂಚಿಕೊಳ್ಳುತ್ತೇನೆ. ಹಂಪಿಯ ನೆರೆಯಲ್ಲಿ ಬಾಳುವ ನಮಗೆ ಇದು ದೂರದ ಪ್ರಶ್ನೆಯಲ್ಲ.

ಕ್ರಿಸ್ಮಸ್ಸಿನ ಎರಡು ಕಥೆಗಳು

ನಾವು ಪ್ರತಿ ವರ್ಷ ಗೋದಲಿ ಕಟ್ಟುತ್ತೇವೆ. ಆ ಗೋದಲಿಯ ಹಿಂದೆ ಒಂದು ಸರಕಾರಿ ಆಜ್ಞೆ ಇದೆ ಎಂಬುದು ನೆನಪಿಗೆ ಬರುವುದು ಕಡಿಮೆ. ಸಂತ ಲೂಕರ ಶುಭಸಂದೇಶದ ಪ್ರಕಾರ, ಚಕ್ರವರ್ತಿ ಔಗುಸ್ತನು ಜನಗಣತಿಗೆ ಆಜ್ಞೆ ಮಾಡಿದ್ದರಿಂದಲೇ ಜೋಸೆಫರೂ ತುಂಬು ಗರ್ಭಿಣಿ ಮರಿಯಮ್ಮನವರೂ ಬೆತ್ಲೆಹೇಮಿಗೆ ನಡೆದರು. ಆಜ್ಞೆ ಕೊಟ್ಟವನು ಪರಕೀಯ ದೊರೆ, ದಾರಿಯೋ ದೂರ. ಆದರೂ ಜೋಸೆಫರು ಹೆಸರು ಬರೆಸಲು ಹೋದರು. ನಮ್ಮ ಪ್ರಭು ಹುಟ್ಟಿದ್ದು ಹಾಗೆ ಹೆಸರು ಬರೆಸಲು ಬಂದ ಊರಿನಲ್ಲಿ.

ಮತ್ತೊಂದು ಕಥೆ ಸಂತ ಮತ್ತಾಯರದು. ಮೂಡಲ ದೇಶದ ಜ್ಞಾನಿಗಳನ್ನು, ನಾವು ಮೂರು ರಾಜರು ಎಂದು ಕರೆಯುವವರನ್ನು, ಹೆರೋದನು ಗುಟ್ಟಾಗಿ ಕರೆಸಿ, ಮಗು ಎಲ್ಲಿದೆಯೆಂದು ತನಗೆ ಬಂದು ತಿಳಿಸಬೇಕೆಂದ. ಅದೂ ರಾಜಾಜ್ಞೆಯೇ. ಆದರೆ ಅವರು ಕನಸಿನಲ್ಲಿ ಎಚ್ಚರಿಕೆ ಪಡೆದು ಬೇರೆ ದಾರಿಯಲ್ಲಿ ತಮ್ಮ ದೇಶಕ್ಕೆ ಮರಳಿದರು. ಹೆರೋದನಿಗೆ ಮಗುವಿನ ಸುಳಿವು ಸಿಗಲಿಲ್ಲ. ಪವಿತ್ರ ಕುಟುಂಬ ರಾತ್ರೋರಾತ್ರಿ ಗಡಿ ದಾಟಿ ಈಜಿಪ್ಟಿಗೆ ಹೋಯಿತು. ಜಗದ್ಗುರು ಹನ್ನೆರಡನೇ ಪಿಯುಸರು 1952ರಲ್ಲಿ ವಲಸಿಗರ ಕುರಿತು ಹೊರಡಿಸಿದ ಪ್ರೇಷಿತ ಸಂವಿಧಾನದಲ್ಲಿ ಈ ಕುಟುಂಬವನ್ನೇ ಎಲ್ಲ ನಿರಾಶ್ರಿತ ಕುಟುಂಬಗಳಿಗೆ ಮಾದರಿಯಾಗಿ ತೋರಿಸಿದರು.

ಒಂದೇ ಹಬ್ಬದ ಎರಡು ಕಥೆಗಳು. ಒಂದರಲ್ಲಿ ಹೆಸರು ಕೊಡುವುದು ವಿಧೇಯತೆ, ಇನ್ನೊಂದರಲ್ಲಿ ಸುಳಿವು ಕೊಡದಿರುವುದೇ ವಿಧೇಯತೆ. ಎರಡರ ನಡುವೆ ವ್ಯತ್ಯಾಸ ಎಲ್ಲಿದೆ? ಔಗುಸ್ತನು ತನ್ನ ರಾಜ್ಯದ ಆಡಳಿತಕ್ಕಾಗಿ ಎಲ್ಲರ ಹೆಸರನ್ನೂ ಬಹಿರಂಗವಾಗಿ ಕೇಳಿದ. ಹೆರೋದನು ಒಂದು ಮಗುವನ್ನು ಕೊಲ್ಲಲೆಂದು ಗುಟ್ಟಾಗಿ ಕೇಳಿದ. ಹಾಗಾದರೆ ನಾವು ನೋಡಬೇಕಾದದ್ದು ಹೆಸರು ಏಕೆ ಬೇಕಾಗಿದೆ, ಕೊಟ್ಟ ಮೇಲೆ ಆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟು ನಾಜಿಗಳಿಗೆ ಸುಳಿವು ಕೊಡದ ಯೂರೋಪಿನ ಕುಟುಂಬಗಳು ಮೂರು ರಾಜರ ದಾರಿ ಹಿಡಿದವು. ಅದು ಸರಿಯಾದ ದಾರಿ. ಆದರೆ ಪ್ರತಿಯೊಂದು ಫಾರಮ್ಮಿನ ಹಿಂದೆಯೂ ಹೆರೋದನಿದ್ದಾನೆ ಎಂದುಕೊಳ್ಳುವುದು ಸತ್ಯವಲ್ಲ.

ಬಾಗಿಲು ಏಕೆ ಬೇಕು?

ಭಾರತದಲ್ಲಿ ಬಹುಕಾಲ ವಿದೇಶೀಯರ ವಿಷಯದಲ್ಲಿ 1920, 1939 ಮತ್ತು 1946ರ ಬ್ರಿಟಿಷರ ಕಾಲದ ಕಾಯಿದೆಗಳು ನಡೆಯುತ್ತಿದ್ದವು. ಅವುಗಳ ಬದಲಿಗೆ ವಲಸೆ ಮತ್ತು ವಿದೇಶೀಯರ ಕಾಯಿದೆ, 2025 ಬಂದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾಯಿತು. ಲಾಡ್ಜು, ಹೋಂಸ್ಟೇಗಳಷ್ಟೇ ಅಲ್ಲ, ವಿದೇಶೀಯರು ಬರುವ ಆಸ್ಪತ್ರೆಗಳೂ ವಿದ್ಯಾಸಂಸ್ಥೆಗಳೂ ಅವರ ವಿವರ ಕೊಡಬೇಕು. ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಮೂರು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಇದು ಕಠಿಣವೆನಿಸಬಹುದು. ಆದರೆ ಬಾಗಿಲಿಲ್ಲದ ಮನೆ ಅತಿಥಿಗೂ ಕ್ಷೇಮವಲ್ಲ. ಅಪರಿಚಿತನೊಬ್ಬ ಕಾಣೆಯಾದರೆ ಅವನು ಎಲ್ಲಿ ತಂಗಿದ್ದನೆಂದು ಹುಡುಕುವುದು ಆ ಹಾಳೆಯಿಂದಲೇ. ಅವನು ಸತ್ತರೆ ಅವನ ತಾಯಿಗೆ ಸುದ್ದಿ ಮುಟ್ಟುವುದೂ ಅದರಿಂದಲೇ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಎರಡು ಕಡೆಯನ್ನೂ ಹೇಳುತ್ತದೆ. ಅನುಕೂಲವಿರುವ ದೇಶಗಳು, ಸುರಕ್ಷತೆಯನ್ನೂ ಜೀವನೋಪಾಯವನ್ನೂ ಅರಸಿ ಬರುವ ಪರದೇಶಿಯನ್ನು ತಮ್ಮಿಂದ ಆದಷ್ಟು ಬರಮಾಡಿಕೊಳ್ಳಬೇಕು. ಸಾಮಾನ್ಯ ಹಿತಕ್ಕಾಗಿ ಅದಕ್ಕೆ ಕಾನೂನಿನ ಷರತ್ತು ಹಾಕುವ ಅಧಿಕಾರ ಸರಕಾರಕ್ಕಿದೆ. ಬಂದವರು ಆ ನೆಲದ ಕಾನೂನಿಗೆ ವಿಧೇಯರಾಗಬೇಕು. ಹಬ್ಬದ ದಿನ ಪ್ರವಾಸಿ ವೀಸಾದಲ್ಲಿ ಬಂದಿದ್ದ ಹೊರದೇಶದ ಗುರುವೊಬ್ಬರನ್ನು ಪ್ರಬೋಧನೆ ಮಾಡಿರೆಂದು ಹಿಂದೊಮ್ಮೆ ನಾನೇ ಒತ್ತಾಯಿಸಿದ್ದೆ. ಪ್ರವಾಸಿ ವೀಸಾದವರು ಪೂಜೆಯಲ್ಲಿ ಭಾಗವಹಿಸಬಹುದು, ಧರ್ಮಬೋಧನೆ ಮಾಡುವಂತಿಲ್ಲ. ಅವರು ನಕ್ಕು, "ನಿಮ್ಮ ದೇಶದ ನಿಯಮ ನಿಮಗಿಂತ ನನಗೆ ಚೆನ್ನಾಗಿ ಗೊತ್ತು" ಎಂದು ಜನರ ನಡುವೆ ಹೋಗಿ ಕುಳಿತರು. ಅಂದು ನಾಚಿದವನು ನಾನು.

ಸಂತ ಥಾಮಸ್ ಅಕ್ವಿನಾಸರು ಹಳೆಯ ಒಡಂಬಡಿಕೆಯ ನಿಯಮಗಳನ್ನು ವಿವರಿಸುವಾಗ ಪರದೇಶಿಗಳಲ್ಲಿ ಮೂರು ಬಗೆಯವರನ್ನು ಗುರುತಿಸುತ್ತಾರೆ. ದಾರಿಹೋಕರಾಗಿ ಬಂದವರು, ನೆಲೆಸಲು ಬಂದವರು, ಆ ಜನಾಂಗದಲ್ಲಿ ಪೂರ್ತಿಯಾಗಿ ಸೇರಬಯಸುವವರು. ಮೂವರಿಗೂ ಒಂದೇ ಹಕ್ಕು ಒಂದೇ ದಿನದಲ್ಲಿ ಸಿಗುವುದಿಲ್ಲ. ಆದರೆ ಪೀಡಿಸಬಾರದೆಂಬ ದೇವಾಜ್ಞೆ ಎಲ್ಲರಿಗೂ ಅನ್ವಯಿಸುತ್ತದೆ. ಅದಕ್ಕೆ ವೀಸಾದ ತಾರೀಖು ಬೇಕಿಲ್ಲ.

ಬಾಗಿಲು ತೆರೆಯುವ ಹೊತ್ತು

ಕಾನೂನಿನ ಅಕ್ಷರ ಮತ್ತು ಆಶಯದ ಕುರಿತು ಅಕ್ವಿನಾಸರು ಕೊಡುವ ಒಂದು ದೃಷ್ಟಾಂತ ಹಂಪಿಯ ತಳವಾರಘಟ್ಟದ ಬಾಗಿಲನ್ನು ಕಂಡವರಿಗೆ ಕೂಡಲೇ ಅರ್ಥವಾಗುತ್ತದೆ. ಮುತ್ತಿಗೆ ಬಿದ್ದ ಪಟ್ಟಣದಲ್ಲಿ ಕೋಟೆಯ ಬಾಗಿಲು ಮುಚ್ಚಿರಬೇಕೆಂದು ಕಾನೂನು. ಆದರೆ ಊರನ್ನು ಕಾಯುವ ನಮ್ಮವರನ್ನೇ ಶತ್ರುಗಳು ಅಟ್ಟಿಸಿಕೊಂಡು ಬಂದರೆ ಬಾಗಿಲು ತೆರೆಯಬೇಕು. ಏಕೆಂದರೆ ಕಾನೂನು ಮಾಡಿದವನ ಉದ್ದೇಶ ಊರನ್ನು ಉಳಿಸುವುದೇ ಹೊರತು ಬಾಗಿಲು ಮುಚ್ಚಿಡುವುದಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಿಸುವುದಿಲ್ಲ. ತಡೆದರೆ ಅಪಾಯ ಎನ್ನುವಂಥ ತುರ್ತು ಇಲ್ಲದಿದ್ದರೆ, ಕಾನೂನನ್ನು ಸಡಿಲಿಸುವುದು ಕಂಡಕಂಡವರ ಕೆಲಸವಲ್ಲ. ಅಧಿಕಾರ ಉಳ್ಳವರ ಬಳಿ ಹೋಗಿ ಕೇಳಬೇಕು ಎನ್ನುತ್ತಾರೆ.

ಈ ಅಳತೆಯಲ್ಲಿ ಆ ಮನೆಯವರು ಮಾಡಿದ್ದನ್ನು ನೋಡೋಣ. ಜ್ವರದವನನ್ನು ಮೊದಲು ಮನೆಗೆ ತಂದು, ಕಾಗದ ಪತ್ರ ಆಮೇಲೆ ಕೇಳಿದರು. ಅದೇ ಸರಿ. ಸರಕಾರವೇ 24 ಗಂಟೆ ಕೊಟ್ಟಿರುವಾಗ ಪಾಸ್‌ಪೋರ್ಟ್ ನೋಡದೆ ನೀರು ಕೊಡುವುದಿಲ್ಲ ಎನ್ನುವವನು ಸರಕಾರಕ್ಕಿಂತ ನಿಷ್ಠುರನಾದ. ಮಮ್ರೆಯ ಮರದ ನೆರಳಲ್ಲಿ ಅಬ್ರಹಾಮನು ಮೂವರು ಅಪರಿಚಿತರಿಗೆ ಮೊದಲು ನೀರು ಕೊಟ್ಟ, ಊಟ ಬಡಿಸಿದ. ಬಂದವರು ಯಾರೆಂಬುದು ಅವನಿಗೆ ತಿಳಿದುಬಂದದ್ದು ಆಮೇಲೆ.

ಆದರೆ ಜ್ವರ ಇಳಿದ ಮೇಲೆ? ಇಲ್ಲಿ ಯಜಮಾನರ ಮಾತೂ ಅಜ್ಜಿಯ ಮಾತೂ ಕನಿಕರದಿಂದ ಹುಟ್ಟಿದವು. ಆದರೂ ಅವು ಅತಿಥಿಗೆ ಉಪಕಾರ ಮಾಡುತ್ತಿರಲಿಲ್ಲ. ಸುಮ್ಮನೆ ಕಳಿಸಿದರೆ ಅವರು ಮುಂದಿನ ಊರಿನಲ್ಲಿ, ಇಲ್ಲವೇ ವಿಮಾನ ನಿಲ್ದಾಣದಲ್ಲಿ, ಜೊತೆಗೆ ಯಾರೂ ಇಲ್ಲದೆ ಸಿಕ್ಕಿಬೀಳುತ್ತಾರೆ. ಅಷ್ಟರಲ್ಲಿ ಒಂಬತ್ತು ದಿನ ತೊಂಬತ್ತಾಗಿರಬಹುದು. ನಮ್ಮ ಮೌನ ಅವರ ತಪ್ಪನ್ನು ಬೆಳೆಸಿದಂತಾಗುತ್ತದೆ.

ಮಗನ ಮಾತಿನಲ್ಲೂ ಅರ್ಧ ಸತ್ಯವಿತ್ತು. ಫಾರಂ ತುಂಬಬೇಕು, ನಿಜ. ಆದರೆ ಕೈತೊಳೆದುಕೊಳ್ಳುವುದಕ್ಕಾಗಿ ಅಲ್ಲ. ಆ ಕೆಲಸ ಮಾಡಿದವನೊಬ್ಬನ ಹೆಸರನ್ನು ನಾವು ವಿಶ್ವಾಸ ಪ್ರಮಾಣದಲ್ಲಿ ಪ್ರತಿ ಭಾನುವಾರ ಉಚ್ಚರಿಸುತ್ತೇವೆ.

ಫಾರಮ್ಮಿನಲ್ಲಿ ಇಲ್ಲದ ಕರ್ತವ್ಯ

2025ರ ಮಾರ್ಚ್ 6ರ ರಾತ್ರಿಯನ್ನು ನಮ್ಮ ಭಾಗದವರು ಮರೆಯಲಾರರು. ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಇಸ್ರೇಲ್ ದೇಶದ ಒಬ್ಬ ಯುವತಿಯ ಮೇಲೂ, ಅತಿಥಿಗಳಿಗೆ ಆಶ್ರಯ ಕೊಟ್ಟಿದ್ದ ಹೋಂಸ್ಟೇಯ ಮಹಿಳೆಯ ಮೇಲೂ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಲಾಯಿತು. ಒಡಿಶಾದ ಯುವಕನೊಬ್ಬ ನೀರುಪಾಲಾದ.

ಅತಿಥಿ ಮತ್ತು ಆತಿಥ್ಯ ಕೊಟ್ಟವಳು, ಇಬ್ಬರೂ ಒಂದೇ ರಾತ್ರಿ ನಮ್ಮ ನೆಲದಲ್ಲಿ ನಲುಗಿದರು. ಅಂದಿನಿಂದ ಪರವಾನಗಿ, ನೋಂದಣಿ, ತಪಾಸಣೆಗಳ ಮಾತು ಹೆಚ್ಚಾಯಿತು. ಅವು ಬೇಕಾದವುಗಳೇ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಕಾಪಾಡುವ ಮನಸ್ಸನ್ನು ಯಾವ ಫಾರಂ ತಾನೇ ತಂದುಕೊಟ್ಟೀತು? ನಮ್ಮ ಹುಡುಗರ ಮುಂದೆ ಮನೆಯಲ್ಲಿ ಪ್ರವಾಸಿಗರ ಬಗ್ಗೆ, ಅದರಲ್ಲೂ ಪರದೇಶದ ಹೆಂಗಸರ ಬಗ್ಗೆ, ನಾವು ಎಂಥ ಮಾತು ಆಡುತ್ತೇವೆ? ಅವರ ಉಡುಪು ನೋಡಿ ನಗುವುದನ್ನು, ಅವರ ಹತ್ತಿರ ಎರಡರಷ್ಟು ದುಡ್ಡು ಕೀಳುವುದನ್ನು ಜಾಣತನವೆಂದು ಹೇಳಿಕೊಡುತ್ತೇವೆಯೇ? ಆ ತಪಾಸಣೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ ಆಗಬೇಕು.

ಹಿಂದೆಯೂ ಹೀಗೇ. ಪಾರಸಿಕ ದೇಶದ ರಾಯಭಾರಿ ಅಬ್ದುರ್ ರಜಾಕನು 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದಾಗ ಅವನಿಗೆ ಬಿಡಾರವನ್ನೂ ದಿನನಿತ್ಯದ ಪಡಿಯನ್ನೂ ಕೊಟ್ಟು ಗೌರವಿಸಿದರು. ಆಮೇಲೆ, ಇವನು ನಿಜವಾದ ರಾಯಭಾರಿಯಲ್ಲ ಎಂದು ಕೆಲವರು ಗುಲ್ಲೆಬ್ಬಿಸಿದರು. ಮುಖ್ಯ ಅಧಿಕಾರಿ ಊರಲ್ಲಿಲ್ಲದಾಗ ಬದಲಿಗೆ ಇದ್ದವನು ಪಡಿಯನ್ನು ನಿಲ್ಲಿಸಿಬಿಟ್ಟ. ಮರಳಿ ಬಂದ ಮುಖ್ಯ ಅಧಿಕಾರಿ ಆ ನಡತೆಯನ್ನು ಖಂಡಿಸಿದನೆಂದು ರಜಾಕನೇ ಬರೆದಿಟ್ಟಿದ್ದಾನೆ. ಸಂಶಯ ಬಂದರೆ ವಿಚಾರಿಸಬಹುದು. ಆದರೆ ವಿಚಾರಣೆ ಮುಗಿಯುವ ಮೊದಲೇ ಅನ್ನ ನಿಲ್ಲಿಸುವುದು ಅಂದೂ ತಪ್ಪು, ಇಂದೂ ತಪ್ಪು.

ನಾವೂ ಎಲ್ಲೋ ಪರದೇಶಿಗಳು

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಅಕ್ರಮವಾಗಿ ನೆಲೆಸಿದ್ದಾರೆಂಬ ಹೆಸರಿನಲ್ಲಿ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿ ಇದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು. ಆ ಕ್ರಮ ಸರಿಯಲ್ಲವೆಂದು ಹೈಕೋರ್ಟು ಹೇಳಿತು. ಅಷ್ಟರಲ್ಲಿ ಬಡವರ ಸೂರು ನೆಲಕ್ಕೆ ಬಿದ್ದಿತ್ತು. ಕಾನೂನು ಜಾರಿ ಮಾಡುವವರು ಮೊದಲು ಕೇಳಿ ಆಮೇಲೆ ಕೆಡವದಿದ್ದರೆ, ಕೆಡವಿಸಿಕೊಂಡವನು ನಮ್ಮ ಅಣ್ಣತಮ್ಮನೇ ಆಗಿರಬಹುದು.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸಂಕೋಲೆ ಹಾಕಿ ಕರೆತಂದದ್ದನ್ನು ಕೇಳಿ ದೇಶವೇ ನೊಂದುಕೊಂಡಿತು. ಅವರನ್ನು ವಾಪಸು ಕಳಿಸುವ ಅಧಿಕಾರ ಆ ದೇಶಕ್ಕಿಲ್ಲ ಎಂದು ಯಾರೂ ಹೇಳಲಿಲ್ಲ. ನಮ್ಮನ್ನು ನೋಯಿಸಿದ್ದು ಸಂಕೋಲೆ. ಕಾನೂನನ್ನು ಜಾರಿ ಮಾಡಬಹುದು, ಮನುಷ್ಯನ ಘನತೆಯನ್ನು ಕಿತ್ತುಕೊಳ್ಳಬಾರದು ಎಂಬುದನ್ನು ಆ ದಿನ ನಾವೆಲ್ಲರೂ ಪುಸ್ತಕವಿಲ್ಲದೆ ಅರಿತೆವು. ಅದೇ ತಿಂಗಳು ಜಗದ್ಗುರು ಫ್ರಾನ್ಸಿಸರು ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಕಾಗದ ಪತ್ರವಿಲ್ಲದಿರುವುದನ್ನೇ ಅಪರಾಧಿತನವೆಂದು ಎಣಿಸಬಾರದೆಂದು ಎಚ್ಚರಿಸಿದರು. ದೇಶಗಳಿಗೆ ತಮ್ಮನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆಂದೂ ಅದೇ ಪತ್ರದಲ್ಲಿ ಒಪ್ಪಿಕೊಂಡರು.

ನಮ್ಮ ಅನೇಕ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಅವರ ಪಾಸ್‌ಪೋರ್ಟ್ ಹಿಡಿದು ನೋಡುವ ಅಧಿಕಾರಿ ಹೇಗಿರಬೇಕೆಂದು ನಾವು ಜಪಸರದಲ್ಲಿ ಬೇಡುತ್ತೇವೋ, ಇಲ್ಲಿ ನಾವು ಹಾಗೆ ಇರಬೇಕು. ಪ್ರಭು ಕೊಟ್ಟ ಬಂಗಾರದ ನಿಯಮಕ್ಕೆ ಇದಕ್ಕಿಂತ ಸರಳವಾದ ಅರ್ಥ ನನಗೆ ಗೊತ್ತಿಲ್ಲ.

ಆ ತಾಯಿಗೆ ಹೇಳಿದ್ದು

ಅಂದು ಅವರಿಗೆ ಹೇಳಿದ ಮಾತು ಇದು. "ಹಿಡಿದು ಕೊಡಬೇಡಿರಮ್ಮ, ಕೈ ಹಿಡಿದು ಕರೆದುಕೊಂಡು ಹೋಗಿರಿ. ಮೊದಲು ಅತಿಥಿಗಳಿಗೇ ವಿಷಯ ಹೇಳಿರಿ. ಅವರಿಗೆ ಗೊತ್ತಿಲ್ಲದಂತೆ ಏನನ್ನೂ ಮಾಡಬೇಡಿರಿ. ನಿಮ್ಮ ಗಡುವೂ ಮೀರಿದೆ, ಅದನ್ನೂ ಮುಚ್ಚಿಡಬೇಡಿರಿ. ಇದ್ದ ತಾರೀಖನ್ನು ಇದ್ದಂತೆ ಬರೆಯಿರಿ. ಅವರು ಕಚೇರಿಗೆ ಹೋಗುವಾಗ ಒಬ್ಬರು ಜೊತೆಗಿರಿ."

ಅತಿಥಿಗಳು ಹೆದರಿದ್ದರು, ಆದರೆ ಒಪ್ಪಿದರು. ತಾರೀಖು ಎಣಿಸುವುದರಲ್ಲಿ ತಪ್ಪಿದ್ದು ಅವರದೇ. ಮಗ ಫಾರಂ ತುಂಬಿದ. ಯಜಮಾನರು ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋದರು. ಡಾಕ್ಟರ ಚೀಟಿಯನ್ನೂ ನಾನು ಬರೆದುಕೊಟ್ಟ ಪತ್ರವನ್ನೂ ತೋರಿಸಿದರು. ಬಹಳ ಹೊತ್ತು ಬೆಂಚಿನ ಮೇಲೆ ಕಾಯಬೇಕಾಯಿತು, ಒಂದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ ಹೇಳಬೇಕಾಯಿತು. ಕೊನೆಗೆ ಮೇಲಿನ ಕಚೇರಿಗೆ ಆನ್‌ಲೈನಿನಲ್ಲಿ ಅರ್ಜಿ ಹೋಯಿತು. ಕೆಲವು ದಿನಗಳ ನಂತರ ದಂಡ ಕಟ್ಟಿಸಿಕೊಂಡು ದೇಶ ಬಿಡಲು ಅನುಮತಿ ಕೊಟ್ಟರು. ಆ ದಿನಗಳಷ್ಟೂ ಅವರು ಅದೇ ಮನೆಯಲ್ಲಿದ್ದರು. ಹಂಪಿ ನೋಡುವ ಆಸೆ ಈಡೇರಲಿಲ್ಲ. ಹೊರಡುವಾಗ ಆ ಹೆಣ್ಣುಮಗಳು ಅಜ್ಜಿಯನ್ನು ಅಪ್ಪಿಕೊಂಡು ಅತ್ತಳಂತೆ. ಅಜ್ಜಿ ಮಾತ್ರ ಇಂದಿಗೂ, "ಫಾದರ್ ಮಾತು ಕೇಳಿ ಅವರ ದುಡ್ಡು ದಂಡಕ್ಕೆ ಹೋತು" ಎಂದು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರ ಮುನಿಸಿನಲ್ಲೂ ಪ್ರೀತಿ ಇದೆಯೆಂದು ನಾನು ಸುಮ್ಮನಿದ್ದೇನೆ.

ಎಲ್ಲ ಸಲವೂ ಹೀಗೆ ಮುಗಿಯುವುದಿಲ್ಲ. ಕಾನೂನಿನ ಬಾಗಿಲು ತೆರೆಯದ ದಿನವೂ ಬರಬಹುದು. ಅಂದು ಅತಿಥಿಯ ಪರವಾಗಿ ಬೇಡಿಕೊಳ್ಳುವ ಬಾಯಿ, ಅವನಿಗೆ ಊಟ ಕೊಂಡೊಯ್ಯುವ ಕೈ ನಮ್ಮದಾಗಿರಬೇಕು. ನಾನು ಪರದೇಶಿಯಾಗಿದ್ದೆ, ನೀವು ನನಗೆ ಆಶ್ರಯ ಕೊಟ್ಟಿರಿ ಎಂದು ಅಂತಿಮ ತೀರ್ಪಿನ ದಿನ ಹೇಳಲಿರುವ ಪ್ರಭುವು ಸೆರೆಮನೆಯನ್ನೂ ಅದೇ ಉಸಿರಿನಲ್ಲಿ ನೆನೆದಿದ್ದಾರಲ್ಲವೇ?

ಬೆತ್ಲೆಹೇಮಿನಲ್ಲಿ ಆ ರಾತ್ರಿ ದಫ್ತರದಲ್ಲಿ ಜೋಸೆಫರ ಹೆಸರಿಗೆ ಜಾಗವಿತ್ತು. ಛತ್ರದಲ್ಲಿ ಅವರ ಹೆಂಡತಿಗೆ ಜಾಗವಿರಲಿಲ್ಲ. ದಫ್ತರವನ್ನು ಇಟ್ಟುಕೊಳ್ಳುವುದು ಸರಕಾರದ ಕೆಲಸ. ಅದರಲ್ಲಿ ಸತ್ಯವನ್ನೇ ಬರೆಯುವುದು ನಮ್ಮ ಕರ್ತವ್ಯ. ಜಾಗ ಮಾಡಿಕೊಡುವ ಕೆಲಸವನ್ನು ಮಾತ್ರ ಯಾವ ಸರಕಾರವೂ ನಮ್ಮ ಬದಲಿಗೆ ಮಾಡಲಾರದು.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಮನೆಮಂದಿ ಕೂಡಿ ಮಾತನಾಡಿರಿ:

1. ನಮ್ಮ ಊರಿಗೆ, ನಮ್ಮ ಕಾರ್ಖಾನೆಗೆ ಹೊರಗಿನಿಂದ ಬಂದವರಲ್ಲಿ ಹೆಸರು ಹಿಡಿದು ನಾವು ಮಾತನಾಡಿಸುವವರು ಎಷ್ಟು ಮಂದಿ?

2. ಅತಿಥಿಯೊಬ್ಬರು ನಮ್ಮ ಮನೆಯಲ್ಲಿ ತಂಗಿದರೆ ಅವರ ವಿಷಯದಲ್ಲಿ ಕಾನೂನಿನ ಕರ್ತವ್ಯವನ್ನು ಅವರಿಗೆ ನೋವಾಗದಂತೆ ಮಾಡುವುದು ಹೇಗೆ?

3. ಪರದೇಶದಲ್ಲಿರುವ ನಮ್ಮವರಿಗಾಗಿ ನಾವು ಬೇಡುವುದನ್ನು, ಇಲ್ಲಿರುವ ಪರದೇಶಿಗಳಿಗಾಗಿಯೂ ಬೇಡುತ್ತೇವೆಯೇ?